ಬಿಸಿಲಿನ ಆದಾಯ

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಮಂಡಕಳ್ಳಿ ಎಂಬ ಊರಿದೆ. 1940ರಲ್ಲಿ ಮೈಸೂರು ಸಂಸ್ಥಾನದ ಆಡಳಿತಕಾಲದಲ್ಲಿ ಇಲ್ಲಿ ವಿಮಾನ ನಿಲ್ದಾಣವೊಂದು ನಿರ್ಮಾಣವಾಯಿತು. 2010ರಲ್ಲಿ ಅದು ನವೀಕರಣಗೊಂಡು ಹೊಸ ರೂಪವನ್ನು ತಳೆಯಿತು. ವಿಮಾನಗಳು ಬರುವುದಕ್ಕೆ ಬಹುಕಾಲ ಮೊದಲಿನಿಂದಲೂ ಈ ಹಾದಿ ಯಾತ್ರಿಕರ ಹಾದಿ. ನಂಜುಂಡೇಶ್ವರನ ರಥೋತ್ಸವಕ್ಕೆ ಹೊರಟ ಕುಟುಂಬಗಳು ಕಮಾನು ಕಟ್ಟಿದ ಎತ್ತಿನ ಗಾಡಿಗಳಲ್ಲಿ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಬುತ್ತಿ ಕಟ್ಟಿಕೊಂಡು ಸಾಗುತ್ತಿದ್ದುವು. ಇರುಳಾದರೆ ಗಾಡಿಯ ಅಚ್ಚಿನ ಕೆಳಗೆ ಲಾಟೀನೊಂದು ತೂಗುತ್ತಿದ್ದಿತು. ಆ ಲಾಟೀನಿನ ಬುಡದಲ್ಲಿ ಎಷ್ಟು ಸೀಮೆಎಣ್ಣೆ ಇದೆ, ಅದು ಎಷ್ಟು ರಾತ್ರಿಗಳಿಗೆ ಸಾಕಾದೀತು ಎಂಬುದನ್ನು ಮನೆಯ ಹಿರಿಯರು ಬಲ್ಲವರಾಗಿದ್ದರು. ಎಣ್ಣೆ ಕಡಿಮೆಯಾದಾಗ ಬತ್ತಿ ತಾನಾಗಿ ತಗ್ಗುತ್ತಿರಲಿಲ್ಲ. ಹಿರಿಯರ ಕೈ ಅದನ್ನು ತಗ್ಗಿಸುತ್ತಿದ್ದಿತು.

ಕಾಲ ಬದಲಾಯಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ವಿದ್ಯುದ್ದೀಪಗಳು ಬಂದುವು. ಮನೆಗೆ ತಂತಿ ಬಂದ ಮೇಲೆ ಎಣ್ಣೆಯ ಮಟ್ಟವನ್ನು ನೋಡುವ ಅಭ್ಯಾಸವು ಜನರಿಂದ ಕ್ರಮೇಣ ದೂರವಾಯಿತು. ಗುಂಡಿಯನ್ನು ಒತ್ತಿದರೆ ದೀಪ ಹತ್ತುವುದು. ಒತ್ತಿದವನು ತಾನೆಷ್ಟು ಬಳಸಿದೆನೆಂಬುದನ್ನು ತಿಂಗಳ ಕೊನೆಯಲ್ಲಿ ಬಿಲ್ಲು ಬಂದಾಗ ಮಾತ್ರ ಅರಿಯುವನು.

ಹಳೆಯ ಕಮಾನು ಗಾಡಿಗೆ ಈಗ ಹೊಸದೊಂದು ಸಂಬಂಧಿ ಹುಟ್ಟಿಕೊಂಡಿದೆ. ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ತನ್ನೊಡಲಿನಲ್ಲಿ ಇಟ್ಟುಕೊಂಡು ಊರಿಂದೂರಿಗೆ ಚಲಿಸುವ ಮೋಟಾರು ವಾಹನವೇ ಅದು. ಇದನ್ನು ಮೋಟಾರ್‌ಹೋಮ್ ಎಂದೂ ಕ್ಯಾರವಾನ್ ಎಂದೂ ಕರೆಯುವರು. ಕನ್ನಡದಲ್ಲಿ ಮನೆಗಾಡಿ ಎಂದರೆ ಸಾಕು. ಈ ಮನೆಗೆ ಎಲ್ಲವೂ ಇದೆ, ವಿದ್ಯುತ್ತಿನ ತಂತಿಯೊಂದನ್ನು ಬಿಟ್ಟು. ಊರಿನ ಹೊರಗೆ ನಿಂತಾಗ ಅದರ ದೀಪವನ್ನು ಉರಿಸುವವರು ಯಾರು? ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಒಂದು, ಪುಸ್ತಕದಂತೆ ಮಡಚಿ ಮಂಚದ ಕೆಳಗೆ ಇಡಬಹುದಾದ ಚಿಕ್ಕ ಸೌರಫಲಕ.

ಬೆಳಕು ವಿದ್ಯುತ್ತನ್ನು ಉಂಟುಮಾಡಬಲ್ಲುದೆಂಬುದನ್ನು 1839ರಲ್ಲಿ ಎಡ್ಮಂಡ್ ಬೆಕೆರೆಲ್ ಎಂಬ ಫ್ರೆಂಚ್ ವಿಜ್ಞಾನಿ ಕಂಡುಕೊಂಡನು. ಆದರೆ ಅದು ಉಪಯೋಗಕ್ಕೆ ಬರಲು ನೂರು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು ಸಿಲಿಕಾನಿನಿಂದ ಸೌರಕೋಶವನ್ನು ರಚಿಸಿದರು. ತನ್ನ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು ಆರು ಪಾಲನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದಿತು. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಉತ್ತಮ ಫಲಕಗಳು ನೂರಕ್ಕೆ ಇಪ್ಪತ್ತು ಪಾಲನ್ನು ಮಾರ್ಪಡಿಸುತ್ತವೆ. ಕನ್ನಡ ನಾಡಿಗೂ ಸೌರಕೋಶಕ್ಕೂ ಇರುವ ನಂಟು ಹಳೆಯದು. ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಗಗನಕ್ಕೇರಿದ ಆರ್ಯಭಟ ಉಪಗ್ರಹದ ಮೈಮೇಲೆ ಸೌರಕೋಶಗಳನ್ನು ಹೊದಿಸಲಾಗಿದ್ದಿತು. ಆದರೆ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು. ಬಿಸಿಲು ಧಾರಾಳವಾಗಿದ್ದ ಮಾತ್ರಕ್ಕೆ ಕಾರ್ಯ ಸಾಗದು. ಬಂದ ವಿದ್ಯುತ್ತನ್ನು ಹಿಡಿದಿಟ್ಟು ಹಂಚುವ ವ್ಯವಸ್ಥೆಯೂ ಅಷ್ಟೇ ಸಮರ್ಪಕವಾಗಿರಬೇಕು ಎಂಬ ಪಾಠವನ್ನು ಆ ಘಟನೆಯಿಂದ ಕಲಿಯಬಹುದು.

ಮನೆಗಾಡಿಯಲ್ಲಿ ಈ ವ್ಯವಸ್ಥೆಯು ಸರಳವಾದುದು. ಮೊದಲನೆಯದು ಫಲಕ. ಒಂದು ಸಿಲಿಕಾನ್ ಕೋಶವು ಸುಮಾರು ಅರ್ಧ ವೋಲ್ಟನ್ನು ಮಾತ್ರ ಕೊಡುತ್ತದೆ. ಇಂಥ 36 ಕೋಶಗಳನ್ನು ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಜೋಡಿಸಿದಾಗ ಸುಮಾರು 18 ವೋಲ್ಟು ದೊರೆಯುವುದು. ಎರಡನೆಯದು ಬ್ಯಾಟರಿ, ಹಗಲಿನ ಗಳಿಕೆಯನ್ನು ಇರುಳಿಗೆ ಕಾಪಾಡುವ ಕಣಜವಿದು. ಮೂರನೆಯದು ಇವೆರಡರ ನಡುವೆ ನಿಲ್ಲುವ ನಿಯಂತ್ರಕ. ಬ್ಯಾಟರಿ ತುಂಬಿದ ಮೇಲೂ ವಿದ್ಯುತ್ತು ಹರಿಯುತ್ತಲೇ ಇದ್ದರೆ ಅದು ಕೆಡುವುದು. ಕಣಜ ತುಂಬಿದೊಡನೆ ಬಾಗಿಲು ಮುಚ್ಚುವ ಕಾವಲುಗಾರನ ಕೆಲಸವನ್ನು ನಿಯಂತ್ರಕವು ಮಾಡುತ್ತದೆ. ಬ್ಯಾಟರಿಯ ಬಳಿಯಲ್ಲಿ ಒಂದು ಫ್ಯೂಸು ಇರಲೇಬೇಕು. ತಂತಿಗಳೆರಡು ಅಕಸ್ಮಾತ್ತಾಗಿ ತಗುಲಿದರೆ ಬೆಂಕಿ ಹತ್ತದಂತೆ ಅದು ತಡೆಯುವುದು. ಸೀಸ-ಆಮ್ಲದ ಬ್ಯಾಟರಿಯು ತುಂಬುವಾಗ ಹೈಡ್ರೊಜನ್ ಅನಿಲವನ್ನು ಹೊರಬಿಡುವುದರಿಂದ ಅದನ್ನು ಗಾಳಿಯಾಡುವ ಸ್ಥಳದಲ್ಲಿಯೇ ಇಡಬೇಕು.

ಇಷ್ಟನ್ನು ತಿಳಿದ ಮೇಲೆ ಲೆಕ್ಕಕ್ಕೆ ಇಳಿಯಬಹುದು. ಇದಕ್ಕಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಂಡರೆ ವಿಷಯವು ಸ್ಪಷ್ಟವಾಗುವುದು. ತಂದೆ, ತಾಯಿ, ಅಜ್ಜಿ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು, ಅವಳ ತಮ್ಮ, ಹೀಗೆ ಐವರು ಬೇಸಗೆಯ ರಜೆಯಲ್ಲಿ ಬಾಡಿಗೆಯ ಮನೆಗಾಡಿಯೊಂದರಲ್ಲಿ ಮಂಡಕಳ್ಳಿಯಿಂದ ಹೊರಟಿದ್ದಾರೆ. ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯನ್ನು ಸೇರುವ ವೇಳೆಗೆ ಸಂಜೆಯಾಗಿದೆ. ಮುಂದಿನದು ಬಂಡೀಪುರದ ಅರಣ್ಯ. ವನ್ಯಮೃಗಗಳ ರಕ್ಷಣೆಗಾಗಿ ಅಲ್ಲಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಗಿದೆ. ಆದುದರಿಂದ ಊರಾಚೆ ಇರುವ ನೆಂಟರ ಹೊಲದಲ್ಲಿ, ಹುಣಿಸೆಮರದ ಕೆಳಗೆ ಗಾಡಿಯನ್ನು ನಿಲ್ಲಿಸಿ ಐದು ದಿನ ಅಲ್ಲಿಯೇ ತಂಗುವುದೆಂದು ಅವರು ನಿಶ್ಚಯಿಸಿದ್ದಾರೆ.

ಗಾಡಿಯಲ್ಲಿ ಒಂದು ಚಿಕ್ಕ ಶೀತಕ ಪೆಟ್ಟಿಗೆ ಇದೆ. ಅದು ತಂಪು ಪಾನೀಯಗಳಿಗಾಗಿ ತಂದುದಲ್ಲ. ಅಜ್ಜಿಗೆ ಮಧುಮೇಹವಿದೆ, ಅವರ ಇನ್ಸುಲಿನ್ ಔಷಧಿಯ ಸೀಸೆಗಳು ಅದರೊಳಗಿವೆ. ಇನ್ನೂ ತೆರೆಯದಿರುವ ಇನ್ಸುಲಿನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಅದು ಹೆಪ್ಪುಗಟ್ಟಲೂ ಬಾರದು, ಬೇಸಗೆಯ ಕಾವಿನಲ್ಲಿ ಬಿಸಿಯಾಗಲೂ ಬಾರದು. ಕೆಟ್ಟ ಔಷಧಿಯನ್ನು ಕಣ್ಣಿನಿಂದ ನೋಡಿ ಯಾವಾಗಲೂ ಗುರುತಿಸಲಾಗದು ಎಂಬುದೇ ಇದರಲ್ಲಿರುವ ಅಪಾಯ. ಆದುದರಿಂದ ಈ ಕುಟುಂಬಕ್ಕೆ ಸೌರಫಲಕದ ಲೆಕ್ಕವು ಕೇವಲ ವಿನೋದದ ಸಂಗತಿಯಲ್ಲ.

ಫಲಕವು 100 ವಾಟ್ ಸಾಮರ್ಥ್ಯದ್ದು. ಸಾಮರ್ಥ್ಯ ಎಂಬುದು ಪ್ರಖರವಾದ ಬಿಸಿಲಿನಲ್ಲಿ, ಕೋಶಗಳು 25 ಡಿಗ್ರಿ ಉಷ್ಣತೆಯಲ್ಲಿದ್ದಾಗ ಅಳೆದ ಸಂಖ್ಯೆ. ದಿನವಿಡೀ ಅದೇ ಪ್ರಮಾಣದಲ್ಲಿ ವಿದ್ಯುತ್ತು ಬರುವುದಿಲ್ಲ. ಬೆಳಗಿನ ಮತ್ತು ಸಂಜೆಯ ಎಳೆಬಿಸಿಲನ್ನೂ ಒಟ್ಟುಗೂಡಿಸಿ ನೋಡಿದರೆ, ನಮ್ಮ ನಾಡಿನ ಒಳ್ಳೆಯ ಬಿಸಿಲಿನ ದಿನವೊಂದು ಸುಮಾರು ಐದು ಗಂಟೆಗಳ ಪೂರ್ಣ ಪ್ರಖರತೆಗೆ ಸಮ. 100 ವಾಟನ್ನು ಐದು ಗಂಟೆಗಳಿಂದ ಗುಣಿಸಿದರೆ 500 ವಾಟ್-ಗಂಟೆ. ಎಂದರೆ ಅರ್ಧ ಯೂನಿಟ್. ಶಾಖ, ತಂತಿ, ನಿಯಂತ್ರಕ, ಬ್ಯಾಟರಿ ಇವು ತಮ್ಮ ತಮ್ಮ ಸುಂಕವನ್ನು ವಸೂಲು ಮಾಡಿದ ಮೇಲೆ ಕೈಗೆ ಉಳಿಯುವುದು ಸುಮಾರು 350 ವಾಟ್-ಗಂಟೆ. ಇದು ದಿನದ ಆದಾಯ. ಬ್ಯಾಟರಿಯು 12 ವೋಲ್ಟಿನ 100 ಆಂಪಿಯರ್-ಗಂಟೆಯದು. ತುಂಬಿದಾಗ ಅದರಲ್ಲಿ 1200 ವಾಟ್-ಗಂಟೆ ಇರುತ್ತದೆ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ ಬಳಸತಕ್ಕದ್ದು 600 ಮಾತ್ರ. ಇದು ಕೂಡಿಟ್ಟ ಹಣ.

ಮಗಳು ತನ್ನ ನೋಟುಪುಸ್ತಕದಲ್ಲಿ ವೆಚ್ಚವನ್ನು ಬರೆಯತೊಡಗಿದಳು. ತಲಾ 5 ವಾಟಿನ ಮೂರು ದೀಪಗಳು ನಾಲ್ಕು ಗಂಟೆ ಉರಿದರೆ 60. ತಲಾ 15 ವಾಟಿನ ಎರಡು ಫ್ಯಾನುಗಳು ಆರು ಗಂಟೆ ತಿರುಗಿದರೆ 180. ಮೊಬೈಲ್ ಫೋನುಗಳಿಗೆ 45. ನೀರೆತ್ತುವ 36 ವಾಟಿನ ಪಂಪು ಇಪ್ಪತ್ತು ನಿಮಿಷ ನಡೆದರೆ 12. ಶೀತಕ ಪೆಟ್ಟಿಗೆಯು 45 ವಾಟಿನದು. ಅದರ ಯಂತ್ರವು ಸದಾ ಓಡದೆ, ಒಳಗಿನ ತಂಪು ಇಳಿದಾಗ ಮಾತ್ರ ಓಡುತ್ತದೆ. ದಿನಕ್ಕೆ ಒಟ್ಟು ಆರು ಗಂಟೆ ಓಡಿದರೆ 270. ಎಲ್ಲವನ್ನೂ ಕೂಡಿದಾಗ 567 ಬಂದಿತು.

"ಅಪ್ಪ, ಬರುವುದು 350, ಹೋಗುವುದು 567. ದಿನಕ್ಕೆ 217 ಸಾಲ. ಕೂಡಿಟ್ಟ 600 ಮೂರನೆಯ ರಾತ್ರಿ ಮುಗಿದುಹೋಗುತ್ತದೆ" ಎಂದಳು ಮಗಳು.

"ಕರೆಂಟಿನ ಒಲೆಯೂ ಒಂದು ಇದ್ದಿದ್ದರೆ ಅಡಿಗೆ ಎಷ್ಟು ಸುಲಭವಾಗುತ್ತಿತ್ತು!" ಎಂದರು ತಾಯಿ.

ಮಗಳು ಅದನ್ನೂ ಲೆಕ್ಕಹಾಕಿದಳು. 1500 ವಾಟಿನ ಒಲೆಯು ಕಾಲು ಗಂಟೆ ಉರಿದರೆ 375 ವಾಟ್-ಗಂಟೆ. ದಿನದ ಆದಾಯಕ್ಕಿಂತಲೂ ಅಧಿಕ. ಅಷ್ಟೇ ಅಲ್ಲ, 12 ವೋಲ್ಟಿನ ಬ್ಯಾಟರಿಯಿಂದ ಅದು 125 ಆಂಪಿಯರ್‌ಗಳನ್ನು ಸೆಳೆಯುವುದು. ಅಡಿಗೆಯು ಗ್ಯಾಸಿನ ಒಲೆಯ ಮೇಲೆಯೇ ಆಗಲೆಂದು ಎಲ್ಲರೂ ಒಪ್ಪಿದರು. ಶಾಖವನ್ನು ಉತ್ಪತ್ತಿ ಮಾಡುವ ಯಾವ ಉಪಕರಣವೂ ಚಿಕ್ಕ ಸೌರಫಲಕಕ್ಕೆ ತಕ್ಕುದಲ್ಲ ಎಂಬುದು ಮೊದಲು ನೆನಪಿಡಬೇಕಾದ ನಿಯಮ.

"ನನ್ನ ಔಷಧಿಗಾಗಿ ನಿಮಗೆಲ್ಲ ತೊಂದರೆ. ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಕೆಯಲ್ಲಿಟ್ಟರೆ ಆಗದೆ?" ಎಂದು ಅಜ್ಜಿ ಕೇಳಿದರು.

"ಬೇಡಮ್ಮ, ಮಡಕೆಯ ತಂಪು ಈ ಬೇಸಗೆಗೆ ಸಾಲದು. ಪೆಟ್ಟಿಗೆಯನ್ನು ನಿಲ್ಲಿಸುವ ಮಾತೇ ಇಲ್ಲ. ಮಿಕ್ಕದ್ದನ್ನು ನೋಡೋಣ" ಎಂದರು ತಂದೆ.

ಇಲ್ಲಿಂದ ಮುಂದೆ ಎರಡು ಮಾರ್ಗಗಳಿವೆ: ವೆಚ್ಚವನ್ನು ತಗ್ಗಿಸುವುದು, ಆದಾಯವನ್ನು ಹೆಚ್ಚಿಸುವುದು. ಮೊದಲು ವೆಚ್ಚ. ಎರಡು ದೀಪಗಳು ಮೂರು ಗಂಟೆ ಉರಿದರೆ 30ರಲ್ಲಿ ಮುಗಿಯಿತು. ಒಂದೇ ಫ್ಯಾನನ್ನು ಅಜ್ಜಿಯ ಬಳಿ ನಾಲ್ಕು ಗಂಟೆ ನಡೆಸಿದರೆ 60. ಫೋನುಗಳ ಬಳಕೆಯನ್ನು ಕಡಿಮೆ ಮಾಡಿದರೆ 30. ಹೊಲದ ತೊಟ್ಟಿಯಿಂದ ಬಿಂದಿಗೆಯಲ್ಲಿ ನೀರು ತಂದರೆ ಪಂಪಿಗೆ 6 ಸಾಕು. ಶೀತಕ ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟು, ದಿನಕ್ಕೆರಡು ಸಲ ಮಾತ್ರ ತೆರೆದರೆ ಅದರ ಯಂತ್ರವು ಐದು ಗಂಟೆ ಓಡಿದರೆ ಸಾಕಾಗಿ, ವೆಚ್ಚವು 225ಕ್ಕೆ ಇಳಿಯುವುದು. ಒಟ್ಟು 351. ಆದಾಯಕ್ಕೂ ವೆಚ್ಚಕ್ಕೂ ಈಗ ಬಹುಮಟ್ಟಿಗೆ ಸರಿಹೋಯಿತು. ಆದರೆ ಮೋಡ ಕವಿದ ದಿನಕ್ಕಾಗಿ ಸ್ವಲ್ಪ ಉಳಿತಾಯವೂ ಬೇಕಲ್ಲವೆ? ಆದುದರಿಂದ ಆದಾಯದ ಕಡೆಗೂ ಗಮನ ಕೊಡಬೇಕಾಯಿತು.

ಫಲಕವು ಗಾಡಿಯ ಮಾಳಿಗೆಗೆ ಬಿಗಿಯಲ್ಪಟ್ಟುದಲ್ಲದೆ ಬೇರೆಯಾಗಿರುವುದರ ಪ್ರಯೋಜನ ಈಗ ತಿಳಿದುಬರುವುದು. ಮಾಳಿಗೆಗೆ ಬಿಗಿದ ಫಲಕಕ್ಕೆ ಬಿಸಿಲು ಬೇಕಾದರೆ ಗಾಡಿಯೂ ಬಿಸಿಲಿನಲ್ಲಿಯೇ ನಿಲ್ಲಬೇಕು. ಆಗ ಒಳಗಿರುವವರು ಬೇಯುವರು, ಶೀತಕ ಪೆಟ್ಟಿಗೆಯೂ ಹೆಚ್ಚು ದುಡಿಯಬೇಕಾಗುವುದು. ಬೇರೆಯಾದ ಫಲಕವಾದರೆ ಗಾಡಿಯು ಹುಣಿಸೆಮರದ ನೆರಳಿನಲ್ಲಿದ್ದು ಫಲಕ ಮಾತ್ರ ಬಯಲಿಗೆ ಹೋಗಬಹುದು. ಬೆಳಿಗ್ಗೆ ಅದನ್ನು ಪೂರ್ವಕ್ಕೆ ವಾಲಿಸಿ, ನಡುಹಗಲಿನಲ್ಲಿ ಬಹುತೇಕ ಮಟ್ಟಸವಾಗಿರಿಸಿ, ಸಂಜೆ ಪಶ್ಚಿಮಕ್ಕೆ ತಿರುಗಿಸಿದರೆ ಆದಾಯವು 350ರಿಂದ 400ಕ್ಕೆ ಏರಬಹುದು. ಈ ಕೆಲಸವನ್ನು ತಮ್ಮನು ವಹಿಸಿಕೊಂಡನು. ಸೂರ್ಯನನ್ನು ಹಿಂಬಾಲಿಸಿ ತಿರುಗುವ ಎಳೆಯ ಸೂರ್ಯಕಾಂತಿಯ ಗಿಡದಂತೆ ಅವನ ಫಲಕವೂ ದಿನಕ್ಕೆ ಮೂರು ಸಲ ಮುಖ ತಿರುಗಿಸಿತು. ಮೈಸೂರು ಸೀಮೆಯು ಉತ್ತರ ಅಕ್ಷಾಂಶ ಸುಮಾರು 12 ಡಿಗ್ರಿಯಲ್ಲಿರುವುದರಿಂದ ಏಪ್ರಿಲಿನ ಕೊನೆಯ ಭಾಗದಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುವನು. ಡಿಸೆಂಬರಿನಲ್ಲಾದರೋ ಅವನು ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ಸರಿದಿರುವುದರಿಂದ ಫಲಕವನ್ನು ದಕ್ಷಿಣಕ್ಕೆ ವಾಲಿಸಬೇಕಾಗುವುದು.

ಫಲಕದ ವಿಷಯದಲ್ಲಿ ಇನ್ನೂ ಮೂರು ಎಚ್ಚರಿಕೆಗಳಿವೆ. ಮೊದಲನೆಯದು ನೆರಳಿನದು. ಕೋಶಗಳು ಸರಪಳಿಯಾಗಿ ಜೋಡಿಸಲ್ಪಟ್ಟಿರುವುದರಿಂದ ಒಂದೆರಡು ಕೋಶಗಳ ಮೇಲೆ ರೆಂಬೆಯ ನೆರಳು ಬಿದ್ದರೂ ಇಡೀ ಸಾಲಿನ ಪ್ರವಾಹ ಕುಗ್ಗುವುದು. ಕಾಲುವೆಯ ಒಂದೆಡೆ ಮಣ್ಣು ಕುಸಿದರೆ ಕೆಳಗಿನ ಗದ್ದೆಗಳಿಗೆಲ್ಲ ನೀರು ಕಡಿಮೆಯಾಗುವಂತೆಯೇ ಇದು. ಎರಡನೆಯದು ಶಾಖದ್ದು. ಬಿಸಿಲು ಬೇಕು, ಬಿಸಿ ಬೇಡ ಎಂಬುದು ಸಿಲಿಕಾನಿನ ಸ್ವಭಾವ. ಉಷ್ಣತೆಯು 25 ಡಿಗ್ರಿಗಿಂತ ಮೇಲೇರಿದಂತೆ ಪ್ರತಿಯೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.4 ಪಾಲು ಶಕ್ತಿ ನಷ್ಟವಾಗುವುದು; 65 ಡಿಗ್ರಿಗೆ ಕಾದ ಫಲಕವು ನೂರಕ್ಕೆ 16 ಪಾಲನ್ನು ಕಳೆದುಕೊಳ್ಳುವುದು. ಹಿಂಬದಿಯಲ್ಲಿ ಗಾಳಿಯಾಡುವಂತೆ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದರೆ ನಷ್ಟ ತಗ್ಗುವುದು. ಮೂರನೆಯದು ತಂತಿಯದು. ಫಲಕವು ಗಾಡಿಯಿಂದ ಹತ್ತು ಮೀಟರ್ ದೂರದಲ್ಲಿದ್ದರೆ ವಿದ್ಯುತ್ತು ಹೋಗಿಬರುವ ದಾರಿ ಇಪ್ಪತ್ತು ಮೀಟರ್. 1.5 ಚದರ ಮಿಲಿಮೀಟರಿನ ತೆಳುವಾದ ತಾಮ್ರದ ತಂತಿಯಲ್ಲಿ ಐದೂವರೆ ಆಂಪಿಯರ್ ಹರಿದಾಗ ಸುಮಾರು 1.3 ವೋಲ್ಟು ದಾರಿಯಲ್ಲಿಯೇ ಸೋರಿಹೋಗುವುದು. 4 ಚದರ ಮಿಲಿಮೀಟರಿನ ದಪ್ಪ ತಂತಿಯಲ್ಲಿ ಸೋರುವುದು ಅರ್ಧ ವೋಲ್ಟು ಮಾತ್ರ.

ನಾಲ್ಕನೆಯ ದಿನ ಬೇಸಗೆಯ ಮಳೆಮೋಡಗಳು ಕವಿದವು. ದಟ್ಟವಾದ ಮೋಡವಿದ್ದರೆ ಫಲಕದ ಆದಾಯವು ನಾಲ್ಕನೆಯ ಒಂದು ಪಾಲಿಗೂ, ಕೆಲವೊಮ್ಮೆ ಇನ್ನೂ ಕೆಳಕ್ಕೂ ಇಳಿಯುವುದು. ಆ ದಿನ ಬಂದುದು 100 ವಾಟ್-ಗಂಟೆ ಎಂದಿಟ್ಟುಕೊಂಡರೂ ಕೊರತೆ 251. ಕೂಡಿಟ್ಟ 600ರಿಂದ ಇಂಥ ಎರಡು ದಿನಗಳನ್ನು ನಿಭಾಯಿಸಬಹುದು. ಐದನೆಯ ದಿನ ಗಾಡಿಯು ಹೊರಟಾಗ ಎಂಜಿನ್ನಿನ ಜನರೇಟರು 30 ಆಂಪಿಯರ್ ಪ್ರಮಾಣದಲ್ಲಿ ಬ್ಯಾಟರಿಯನ್ನು ತುಂಬಿದರೆ, ಒಂದು ಗಂಟೆಯ ಪ್ರಯಾಣದಲ್ಲಿ ಸುಮಾರು 400 ವಾಟ್-ಗಂಟೆ ಬರುವುದು. ಅಜ್ಜಿಯ ಔಷಧಿಗೆ ಕುಂದು ಬರಲಿಲ್ಲ. ಆದರೆ ಮೊದಲ ದಿನದ ಪಟ್ಟಿಯಂತೆಯೇ ನಡೆದಿದ್ದರೆ ಮೋಡ ಬರುವುದಕ್ಕೆ ಮೊದಲೇ, ಮೂರನೆಯ ರಾತ್ರಿಯಲ್ಲಿಯೇ ಬ್ಯಾಟರಿಯು ತನ್ನ ಮಿತಿಯನ್ನು ದಾಟುತ್ತಿದ್ದಿತು.

ಚಿಕ್ಕ ಫಲಕದ ಶಕ್ತಿಯನ್ನು ಉತ್ಪ್ರೇಕ್ಷಿಸಬಾರದು. ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಶಾಖಶಕ್ತಿಯು ಸುಮಾರು 10 ಕಿಲೋವಾಟ್-ಗಂಟೆ. ಅಷ್ಟನ್ನು ಸಂಪಾದಿಸಲು 100 ವಾಟಿನ ಫಲಕವು ಹೆಚ್ಚುಕಡಿಮೆ ಒಂದು ತಿಂಗಳು ದುಡಿಯಬೇಕು. ಅದು ಗಾಡಿಯನ್ನು ಎಳೆಯಲಾರದು, ಕೋಣೆಯನ್ನು ತಂಪುಮಾಡಲಾರದು. ಆದರೆ ದೀಪ, ಗಾಳಿ, ಮಾತು, ಔಷಧಿ ಇಷ್ಟನ್ನು ಅದು ಸದ್ದಿಲ್ಲದೆ, ಹೊಗೆಯಿಲ್ಲದೆ ಕಾಪಾಡಬಲ್ಲುದು. ಅದೇ ಸೌರಕೋಶಗಳು ಅಗಾಧ ಸಂಖ್ಯೆಯಲ್ಲಿ ಒಂದುಗೂಡಿದರೆ ನಾಡಿಗೇ ಬೆಳಕನ್ನು ಕೊಡಬಲ್ಲುವು. ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಎಂದರೆ ಈ ಕುಟುಂಬದ ಫಲಕದಂಥ ಎರಡು ಕೋಟಿ ಐದು ಲಕ್ಷ ಫಲಕಗಳಿಗೆ ಸಮ.

ಅಗತ್ಯವನ್ನು ಮೊದಲು ಅಳೆದು, ಬಳಿಕ ಫಲಕವನ್ನು ಆರಿಸುವ ಈ ರೀತಿಯು ಪ್ರವಾಸಿಗರಿಗೆ ಮಾತ್ರ ಸೀಮಿತವಾದುದಲ್ಲ. ಹರೀಶ್ ಹಂದೆಯವರು 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡಗೂಡಿ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಬಡ ಕುಟುಂಬಗಳಿಗೆ ಸೌರದೀಪಗಳನ್ನು ಒದಗಿಸುವಾಗ ಇದೇ ಕ್ರಮವನ್ನು ಅನುಸರಿಸಿತು. ಸಂಜೆಯ ಹೊತ್ತು ತಳ್ಳುಗಾಡಿಯಲ್ಲಿ ವ್ಯಾಪಾರ ಮಾಡುವವನಿಗೆ ತಂತಿಯೂ ಇಲ್ಲ, ಮೀಟರೂ ಇಲ್ಲ. ಅವನಿಗೆ ಬೇಕಾದುದು ಮೂರು-ನಾಲ್ಕು ಗಂಟೆಗಳ ಬೆಳಕು ಮಾತ್ರ. ಹಗಲಿನಲ್ಲಿ ಒಬ್ಬನು ಫಲಕಗಳಿಂದ ಬ್ಯಾಟರಿಗಳನ್ನು ತುಂಬಿಸಿ, ಸಂಜೆ ಅಂಥ ವ್ಯಾಪಾರಿಗಳಿಗೆ ದಿನಬಾಡಿಗೆಗೆ ಕೊಡುವ ವ್ಯವಸ್ಥೆಯೂ ಇದರಿಂದ ಬೆಳೆಯಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಮನೆಗಾಡಿಯು ಕೆಲವರ ವಿಹಾರದ ಸಾಧನ. ತಳ್ಳುಗಾಡಿಯು ಹಲವರ ಜೀವನಾಧಾರ. ಎರಡರ ಮೇಲೂ ಬೀಳುವ ಬಿಸಿಲು ಒಂದೇ, ಲೆಕ್ಕವೂ ಒಂದೇ.

ಮಂಡಕಳ್ಳಿಗೆ ಹಿಂದಿರುಗುವ ದಾರಿಯಲ್ಲಿ ಮಗಳು ತನ್ನ ನೋಟುಪುಸ್ತಕವನ್ನು ಅಜ್ಜಿಗೆ ಓದಿ ಹೇಳಿದಳೆಂದು ಭಾವಿಸಬಹುದು. ಆಗ ಅಜ್ಜಿಯು, "ನಮ್ಮಮ್ಮ ಲಾಟೀನಿನ ಬತ್ತಿ ಇಳಿಸುತ್ತಿದ್ದಳು. ಅವಳಿಗೆ ಓದುಬರಹ ಬರುತ್ತಿರಲಿಲ್ಲ ಮಗು, ಆದರೆ ಈ ಲೆಕ್ಕ ಬರುತ್ತಿತ್ತು" ಎಂದಾರು. ಬಿಸಿಲಿಗೆ ಬೆಲೆಯಿಲ್ಲವೆಂದು ಜನರು ಹೇಳುವರು. ಆದರೆ ಪ್ರತಿದಿನವೂ ಬರುವ ಬಿಸಿಲಿಗೆ ಒಂದು ಮಿತಿಯಿದೆ. ಆ ಮಿತಿಯನ್ನು ಅರಿತು, ಯಾವುದು ಮೊದಲು, ಯಾವುದು ಅನಂತರ ಎಂದು ನಿರ್ಣಯಿಸಿ ಬಾಳುವವನಿಗೆ ಅಂಗೈಯಗಲದ ಆದಾಯವೂ ಸಾಕಾಗುವುದು. ಅರಿಯದವನಿಗೆ ಪಾವಗಡದ ಬಯಲೇ ದೊರೆತರೂ ಸಾಲದು.